ಉದ್ಘಾಟನೆಯ ನೀರು

ಆ ನೀರು ಹೊತ್ತವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅದಕ್ಕೆ ಏನೇನೋ ಹೆಸರಿಟ್ಟರು. ಶ್ರಮದಾನ ಅಂದರು. ಜನರ ಸಹಭಾಗಿತ್ವ ಅಂದರು. ಅಷ್ಟು ದೊಡ್ಡ ಮಾತು ನನಗೆ ಗೊತ್ತಿಲ್ಲ. ಮೇಸ್ತ್ರಿ ಬಾ ಅಂದ, ಹೋದೆ. ಹೊರು ಅಂದ, ಹೊತ್ತೆ.

ನಾನು ಚಿತ್ತಾಳು. ಗಾರೆ ಕೆಲಸದಲ್ಲಿ ಮೇಸ್ತ್ರಿ ಗೋಡೆ ಕಟ್ಟುತ್ತಾನೆ, ಚಿತ್ತಾಳು ಹೊರುತ್ತಾಳೆ. ಇಟ್ಟಿಗೆ, ಮರಳು, ಕಲಸಿದ ಸಿಮೆಂಟು, ಯಾವುದಾದರೂ ಸರಿ. ತಲೆ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಬಾಂಡ್ಲಿ. ನನ್ನ ನೆತ್ತಿಯ ನಡುವೆ ಕೂದಲಿಲ್ಲ. ನನ್ನ ಜೊತೆ ಹೊರುವವಳು ಪಕ್ಕದ ಮನೆಯ ಕುಳ್ಳಿ. ಅವಳು ಹುಟ್ಟಾ ಕುಳ್ಳಿ ಅಲ್ಲ. ಹೊತ್ತು ಹೊತ್ತು ಕುತ್ತಿಗೆ ಭುಜದೊಳಗೆ ಇಳಿದುಹೋಗಿದೆ. ಹೆಸರಿಟ್ಟವರು ನಾವೇ, ನಕ್ಕವರೂ ನಾವೇ. ಅವಳೂ ನಗುತ್ತಾಳೆ. ಏನು ಮಾಡುತ್ತಾಳೆ ಪಾಪ.

ನಮ್ಮ ಓಣಿಯ ಬಾಯಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿದರು. ಎರಡು ಮಹಡಿ, ಮೇಲೆ ನೀರಿನ ಟ್ಯಾಂಕು. ಅದರ ಇಟ್ಟಿಗೆಯನ್ನು ಹೊತ್ತವರೂ ನಾವೇ. ಬೇರೆ ಕಟ್ಟಡದಲ್ಲಿ ನಾನು ಮೇಸ್ತ್ರಿ ಕಣ್ಣು ತಪ್ಪಿಸಿ ಕೂತುಕೊಳ್ಳುವವಳೇ. ಇಲ್ಲಿ ಕೂರಲಿಲ್ಲ. ಈ ಕಟ್ಟಡ ನನಗೆ ಬೇಕಿತ್ತು. ನನ್ನ ಮಗಳ ಮೊದಲ ಹೆರಿಗೆ ದಾರಿಯಲ್ಲಿ ಆಯಿತು. ದೊಡ್ಡ ಆಸ್ಪತ್ರೆ ಇರುವುದು ಸೇತುವೆಯ ಆಚೆ. ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋದೆವು. ಸೇತುವೆಯ ಮೇಲೆ ಲಾರಿಗಳ ಸಾಲು ನಿಂತಿತ್ತು. ಅಲ್ಲೇ ಹುಟ್ಟಿತು, ಅಲ್ಲೇ ಹೋಯಿತು. ಆಸ್ಪತ್ರೆಯ ಡಾಕ್ಟರು ಮಗಳ ನಾಡಿ ಹಿಡಿದು, "ಮುಂದಿನ ಸಲ ಬೇಗ ಬನ್ನಿ" ಅಂದರು. ನಾವು ತಡವಾಗಿ ಹೊರಟವರಲ್ಲ. ಆ ಸೇತುವೆ ಅವರು ನೋಡಿದ್ದರೆ ತಾನೇ?

ಈಗ ಮತ್ತೆ ಅವಳಿಗೆ ದಿನ ತುಂಬಿತ್ತು. ಅಳಿಯ ದೂರದ ಕಲ್ಲು ಕ್ವಾರಿಯಲ್ಲಿ. ಇಲ್ಲಿ ನಾನು, ಅವಳು, ಅವಳ ಹೊಟ್ಟೆ. ಆಸ್ಪತ್ರೆ ಬಾಗಿಲು ತೆರೆದರೆ ನಾಲ್ಕು ಹೆಜ್ಜೆ, ತೆರೆಯದಿದ್ದರೆ ಮತ್ತೆ ಸೇತುವೆ. ನನ್ನ ತಲೆಯಲ್ಲಿ ಇದೊಂದೇ ಇತ್ತು. ಮೇಸ್ತ್ರಿಗೂ ಅದು ಗೊತ್ತಿತ್ತು.

"ನಾಳೆ ಮಂತ್ರಿ ಸಾಹೇಬ್ರು ಉದ್ಘಾಟನೆಗೆ ಬರ್ತಾರೆ" ಅಂದ. "ನಲ್ಲಿ ತಿರುಗಿಸ್ತಾರೆ. ನೀರು ಬರ್ಬೇಕು. ಬರ್ಲಿಲ್ಲ ಅಂದ್ರೆ ಉದ್ಘಾಟನೆ ಇಲ್ಲ. ಉದ್ಘಾಟನೆ ಆಗ್ಲಿಲ್ಲ ಅಂದ್ರೆ ನರ್ಸಮ್ಮ ಇಲ್ಲ, ಡಾಕ್ಟ್ರಿಲ್ಲ. ನಿನ್ನ ಮಗಳಿಗೇ ಕಷ್ಟ ನೋಡು."

"ಪೈಪ್ ಹಾಕಿದ್ದಾರಲ್ಲ?"

"ಹಾಕಿದ್ದಾರೆ. ಆ ಕಡೆಯಿಂದ ಜೋಡಿಸಿಲ್ಲ ಅಷ್ಟೇ."

ಅಷ್ಟೇ ಅಂತೆ. ಗೋಡೆಯಿಂದ ಇಳಿದ ಪೈಪು ಒಂದು ಮೊಳ ಮಣ್ಣಿನೊಳಗೆ ಹೋಗಿ ನಿಂತಿತ್ತು. ಅದರ ಬಾಯಿಗೆ ಗೋಣಿಚೀಲ ತುರುಕಿದ್ದರು. ಕರೆಂಟೂ ಬಂದಿರಲಿಲ್ಲ, ಪಂಪು ಅಲಂಕಾರಕ್ಕೆ ಕೂತಿತ್ತು. ಟ್ಯಾಂಕರ್ ಲಾರಿ ತರಿಸಿದರು, ಅದರ ಪೈಪು ಮೊದಲ ಮಹಡಿಗೇ ಉಸಿರು ಬಿಟ್ಟಿತು. ಉಳಿದದ್ದು ನಮ್ಮ ತಲೆ.

ಉದ್ಘಾಟನೆಯ ದಿನ ಬೆಳಕು ಹರಿಯುವಾಗಲೇ ಶುರು ಮಾಡಿದೆವು. ಲಾರಿಯಿಂದ ಕೊಡಕ್ಕೆ, ಕೊಡ ತಲೆಗೆ, ತಲೆ ಮೆಟ್ಟಿಲಿಗೆ. ಮೆಟ್ಟಿಲಿಗೆ ಇನ್ನೂ ಕಟಕಟೆ ಇರಲಿಲ್ಲ. ಎಡಗೈ ಗೋಡೆಗೆ, ಬಲಗೈ ಕೊಡಕ್ಕೆ. ನೀರು ಇಟ್ಟಿಗೆಯ ಹಾಗಲ್ಲ. ಇಟ್ಟಿಗೆ ಹೊತ್ತರೆ ಹೊತ್ತಲ್ಲೇ ಇರುತ್ತದೆ. ನೀರು ಅಲ್ಲಾಡುತ್ತದೆ, ನಿನ್ನನ್ನೂ ಅಲ್ಲಾಡಿಸುತ್ತದೆ. ಮೇಲೆ ಹೋಗಿ ಟ್ಯಾಂಕಿನ ಬಾಯಿಗೆ ಸುರಿಯುವಾಗ ತೊಡೆ ನಡುಗುತ್ತದೆ. ಮೈಯೆಲ್ಲ ಒದ್ದೆ. ಬೆವರು ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ಕುಳ್ಳಿ ಪ್ರತಿ ಸಲ ಇಳಿಯುವಾಗಲೂ, "ಅಕ್ಕಾ, ನಾನು ಇನ್ನೂ ಒಂದು ಬೆರಳು ಕುಳ್ಳಿ ಆದೆ" ಅನ್ನುತ್ತಿದ್ದಳು. ಅವಳಿಗೂ ಈ ಆಸ್ಪತ್ರೆ ಬೇಕಿತ್ತು. ಅವಳ ಸೊಸೆ ಬಸುರಿ.

ಟ್ಯಾಂಕು ತುಂಬಿತು. ನಾವು ಮನೆಗೆ ಹೋಗಿ ಬಾಗಿಲಲ್ಲಿ ಕಾಲು ಚಾಚಿ ಕೂತೆವು. ಆಗ ನಡೆದದ್ದು ಹೇಳಿದರೆ ನೀವು ನಗುತ್ತೀರಿ. ನಗಿ.

ನಮ್ಮ ಓಣಿಯ ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಬರಬಹುದು, ವಾರ ಬಿಟ್ಟು ಬರಬಹುದು. ಹಾಗಾಗಿ ನಮ್ಮ ಕಿವಿ ಸದಾ ನಲ್ಲಿಯ ಕಡೆಗೇ. ಉಣ್ಣುತ್ತಿರಲಿ, ಜಗಳ ಆಡುತ್ತಿರಲಿ, ನೀರಿನ ಸದ್ದು ಕೇಳಿದರೆ ಕೊಡ ಹಿಡಿದು ಓಡುವುದೇ. ಯೋಚನೆ ಮಾಡಿದವಳು ಸಾಲಿನ ಕೊನೆಗೆ. ಅಷ್ಟು ಹೊತ್ತಿಗೆ ಮೇಸ್ತ್ರಿ, ನಲ್ಲಿ ಸರಿ ಇದೆಯೋ ಇಲ್ಲವೋ ನೋಡೋಣ ಎಂದು ಆಸ್ಪತ್ರೆಯ ಹೊರಗೋಡೆಯ ನಲ್ಲಿ ತಿರುಗಿಸಿದ. ಕೆಳಗೆ ಇಟ್ಟಿದ್ದ ಬಕೆಟ್ಟಿಗೆ ನೀರು ಬಿದ್ದ ಸದ್ದು ಓಣಿಗೆಲ್ಲ ಕೇಳಿಸಿತು.

ಓಣಿಯೇ ಎದ್ದು ಓಡಿತು. ಕೊಡ, ಬಕೆಟ್ಟು, ಡಬ್ಬ, ಪಾತ್ರೆ. ನಾನೂ ಓಡಿದೆ. ಎರಡು ಕೊಡ ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳ್ಳಿಯನ್ನು ಮೊಣಕೈಯಲ್ಲಿ ತಳ್ಳಿ ಮುಂದೆ ಹೋದೆ. ಅವಳು ನನ್ನ ಜಡೆ ಹಿಡಿದು ಎಳೆದಳು. ನನ್ನ ಕೊಡ ತುಂಬಿದ ಮೇಲೆ, ತಲೆಗೆ ಏರಿಸುವಾಗ, ಭಾರ ಕುತ್ತಿಗೆಗೆ ಇಳಿದಾಗ ನೆನಪಾಯಿತು. ಇದು ನಾನೇ ಈಗ ತಾನೇ ಮೇಲೆ ಸುರಿದು ಬಂದ ನೀರು. ಕುಳ್ಳಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ನಗಲಿಲ್ಲ.

ಮೇಸ್ತ್ರಿ ತಲೆ ಚಚ್ಚಿಕೊಂಡ. "ನಿಮಗೆ ಬುದ್ಧಿ ಇದೆಯೇನ್ರೇ? ಸಾಹೇಬ್ರು ಹೊರಟಾಯ್ತಂತೆ, ಟ್ಯಾಂಕರ್ ಖಾಲಿ, ನನ್ನ ಕುತ್ತಿಗೆ ಹೋಯ್ತು ಇವತ್ತು!" ಆಮೇಲೆ ಒಬ್ಬ ಆಫೀಸರ್ ಬಂದ. ಅವನು ಕೂಗಲಿಲ್ಲ. ತಣ್ಣಗೆ ಹೇಳಿದ: "ಯಾರ್ಯಾರ ಮನೆಗೆ ಹೋಗಿದೆಯೋ ಅವರೇ ವಾಪಸ್ ತಂದು ಹಾಕಲಿ. ಇಲ್ಲ ಅಂದ್ರೆ ಈ ಓಣಿಗೆ ಆಸ್ಪತ್ರೆ ಬೇಡ ಅಂತ ಬರೆದು ಕಳಿಸ್ತೀನಿ."

ತುಂಬಿದ ಕೊಡ ತಲೆಗೆ ಏರಿಸಿ ಮತ್ತೆ ಅದೇ ಮೆಟ್ಟಿಲು. ಈ ಸಲ ನಾನು, ಕುಳ್ಳಿ ಮಾತ್ರ ಅಲ್ಲ, ಓಣಿಯ ಎಲ್ಲ ಹೆಂಗಸರು. ಟ್ಯಾಂಕು ಅರ್ಧವೂ ತುಂಬದಿದ್ದಾಗ ಮೇಸ್ತ್ರಿ ಮನೆ ಮನೆಗೆ ಹೊಕ್ಕ. ಮೊದಲಿಂದ ತುಂಬಿಟ್ಟಿದ್ದ ಕುಡಿಯುವ ನೀರನ್ನೂ ಹೊರಿಸಿದ. ನಮ್ಮ ಮನೆಯ ಹಂಡೆಯ ನೀರು ಖಾಲಿಯಾಗುವುದನ್ನು ನಾನೇ ನೋಡಿದೆ. ಖಾಲಿ ಮಾಡಿದವಳೂ ನಾನೇ.

ಆಫೀಸರ್ ನನ್ನ ಮಗಳನ್ನು ನೋಡಿದ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು, ಕೈ ಸೊಂಟದ ಮೇಲೆ. ಅವನ ಮುಖ ಅರಳಿತು. "ಈ ಹುಡುಗಿಯನ್ನ ವಾರ್ಡಿನಲ್ಲಿ ಮಲಗಿಸಿ. ಖಾಲಿ ಮಂಚ ತೋರಿಸಿದ್ರೆ ಚೆನ್ನಾಗಿರಲ್ಲ. ಮೊದಲ ಪೇಷಂಟ್ ಅಂತ ಆಗುತ್ತೆ."

"ಇಲ್ಲೇ ಹೆರಿಗೆ ಆಗುತ್ತಾ ಸಾರ್?" ಅಂತ ಕೇಳಿದೆ.

"ಮತ್ತೆ? ಹೆರಿಗೆ ಆಸ್ಪತ್ರೆಯಲ್ಲಿ ಹೆರಿಗೆ ಆಗದೆ ಇನ್ನೇನಾಗುತ್ತಮ್ಮ?"

ಮಂಚ ಹೊಸದು. ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ, ಮೈ ಹೊರಳಿಸಿದರೆ ಚರಚರ ಅನ್ನುತ್ತಿತ್ತು. ದೊಡ್ಡ ಆಸ್ಪತ್ರೆಯಿಂದ ಆ ಒಂದು ದಿನಕ್ಕೆ ಕರೆಸಿದ್ದ ನರ್ಸಮ್ಮ ಅವಳ ಹೊಟ್ಟೆ ಮುಟ್ಟಿ ನೋಡಿ, "ಇವತ್ತೋ ನಾಳೆಯೋ" ಅಂದರು. ನನ್ನ ಮಗಳು ಹುಟ್ಟಿದಾಗಿನಿಂದ ಮಂಚದ ಮೇಲೆ ಮಲಗಿದವಳಲ್ಲ. ಅಂಗಾತ ಮಲಗಿ ಮೇಲಿನ ಫ್ಯಾನು ನೋಡುತ್ತಿದ್ದಳು. ಫ್ಯಾನು ತಿರುಗುತ್ತಿರಲಿಲ್ಲ. "ಅಮ್ಮಾ, ನಾನಿನ್ನು ಇಲ್ಲಿಂದ ಏಳಲ್ಲ" ಅಂದಳು. ನಗುತ್ತಾ ಅಂದಳು. ನನಗೆ ಆಗ ಆದ ಸಂತೋಷಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಾಹೇಬರು ಬಂದರು. ನಮ್ಮ ಕಡೆ ಅವರಿಗೆ ನಂಬಿಕೆ ಸಾಹೇಬರು ಎಂದೇ ಹೆಸರು. ಪ್ರತಿ ಮಾತಿಗೂ ನಂಬಿಕೆ, ನಂಬಿಕೆ. ಕೆಟ್ಟ ಮುಖವಲ್ಲ. ಬಿಳಿ ಅಂಗಿಯ ತೋಳು ಮಡಿಚಿದ್ದರು, ಬೆವರನ್ನು ತಾವೇ ಒರೆಸಿಕೊಂಡರು. ಮಾತೋ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಬಯ್ಯುವವರಾಗಿದ್ದರೆ ಚೆನ್ನಾಗಿತ್ತು, ತಿರುಗಿ ಬಯ್ಯಬಹುದಿತ್ತು.

"ದೇಶದ ಆರ್ಥಿಕತೆ ಅಂದ್ರೆ ಏನೋ ದೊಡ್ಡದು ಅಂದ್ಕೋಬೇಡಿ" ಅಂತ ಶುರು ಮಾಡಿದರು. "ಅದು ನಿಮ್ಮ ಮನೆ ಇದ್ದ ಹಾಗೆ. ಮನೆ ಯಜಮಾನ ಕೇಳಿದವರಿಗೆಲ್ಲ ಕೇಳಿದ್ದೆಲ್ಲ ಕೊಡ್ತಾ ಹೋದ್ರೆ ಮನೆ ಉಳಿಯುತ್ತಾ?"

ನಮ್ಮ ಮನೆಗೆ ಯಜಮಾನಿ ನಾನೇ. ಕೇಳಿದವರಿಗೆ ಕೇಳಿದ್ದು ಕೊಟ್ಟ ದಿನ ಒಂದೂ ನೆನಪಿಲ್ಲ. ಆದರೂ ಸೂರು ಸೋರುತ್ತಿದೆ.

"ದೇಶ ಬೆಳೀತಾ ಇದೆ. ಬೆಳೆಯೋ ದೇಶದಲ್ಲಿ ಎಲ್ಲಾನೂ ಸರ್ಕಾರವೇ ಮಾಡ್ಲಿ ಅಂದ್ರೆ ಆಗಲ್ಲ. ಪುಕ್ಕಟೆ ಸಿಕ್ಕಿದ್ದನ್ನ ಜನ ಜೋಪಾನ ಮಾಡಲ್ಲ. ಬಸ್ಸಿರಲಿ, ಶಾಲೆ ಇರಲಿ, ಆಸ್ಪತ್ರೆ ಇರಲಿ. ಸರ್ಕಾರ ಗೋಡೆ ಕಟ್ಟಬಹುದು. ಅದನ್ನ ನಡೆಸೋರು ನೀವು. ಇವತ್ತು ಈ ದೇಶದಲ್ಲಿ ಕಡಿಮೆ ಆಗಿರೋದು ದುಡ್ಡಲ್ಲ, ಡಾಕ್ಟ್ರಲ್ಲ. ನಂಬಿಕೆ! ಜನ ನಮ್ಮನ್ನ ನಂಬ್ತಿಲ್ಲ. ನಂಬಿಕೆ ಇಲ್ಲದ ಕಡೆ ಎಷ್ಟು ಆಸ್ಪತ್ರೆ ಕಟ್ಟಿದ್ರೂ ಅದು ಬರೀ ಇಟ್ಟಿಗೆ."

ಕುಳ್ಳಿ ನನ್ನ ಕಿವಿಯಲ್ಲಿ, "ಡಾಕ್ಟ್ರು ಕಡಿಮೆ ಇಲ್ವಂತೆ ಕಣಕ್ಕ. ನಾವೇ ಸರಿಯಾಗಿ ಕಣ್ಣು ಬಿಟ್ಟು ನೋಡಿಲ್ಲ" ಅಂದಳು. ಹಿಂದಿನ ಸಾಲಿನವರು ನಕ್ಕರು. ಮೇಸ್ತ್ರಿ ಕಣ್ಣು ಕೆಂಪು ಮಾಡಿದ.

ಆಮೇಲೆ ನಲ್ಲಿ. ರಿಬ್ಬನ್ ಕಟ್ಟಿದ್ದರು. ಮೊದಲ ಕೊಡ ಇಸಿದುಕೊಳ್ಳಲು ನನ್ನನ್ನು ನಿಲ್ಲಿಸಿದರು, ವಾರ್ಡಿನಲ್ಲಿ ಮಲಗಿರುವವಳ ತಾಯಿ ಅಂತ. ಹೇಳಬೇಕಾದ ಮಾತನ್ನು ಮೇಸ್ತ್ರಿ ಬಾಯಿಪಾಠ ಮಾಡಿಸಿದ್ದ: "ನಿಮ್ಮಿಂದ ನಮ್ಮ ಓಣಿಗೆ ನೀರು ಬಂತು ಸಾಹೇಬ್ರೇ, ನಮಗೆ ನಂಬಿಕೆ ಬಂತು." ಇಷ್ಟೇ. ನೀರು ಕುಡಿದಷ್ಟು ಸುಲಭ ಅಂದಿದ್ದ. ಬೆಳಿಗ್ಗೆಯಿಂದ ನಾನು ನೀರು ಕುಡಿದಿರಲಿಲ್ಲ.

ಸಾಹೇಬರು ನಲ್ಲಿ ತಿರುಗಿಸಿದರು. ನೀರು ಬಂತು. ಚಪ್ಪಾಳೆ. ಸಾಹೇಬರು ಕೈ ತೊಳೆದರು. ಅವರ ಹಿಂದೆ ಇದ್ದವರೂ ತೊಳೆದರು, ಅವರ ಹಿಂದೆ ಇದ್ದವರೂ ತೊಳೆದರು. ಕ್ಯಾಮೆರಾದವರು ಇನ್ನೊಂದು ಸಲ ಅಂದರು, ಇನ್ನೊಂದು ಸಲ ತೊಳೆದರು. ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ಮಣ್ಣು ಕುಡಿಯುತ್ತಿದ್ದ ನೀರನ್ನು ಓಣಿಯ ಹೆಂಗಸರು ಸುಮ್ಮನೆ ನೋಡುತ್ತಿದ್ದರು. ಅದರಲ್ಲಿ ಯಾವುದು ಯಾರ ಮನೆಯ ಹಂಡೆಯದೋ.

ಸಾಹೇಬರು ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದರು. ಮೈಕು ಅವರ ಬಾಯಿಗೆ ಹಿಡಿದೇ ಇದ್ದರು. "ಈ ಊರಿನ ಹೆಣ್ಣುಮಕ್ಕಳು ನೀರು ಹೊರೋ ಕಾಲ ಇವತ್ತಿಗೆ ಮುಗೀತು. ಏನಮ್ಮಾ, ಈಗಲಾದ್ರೂ ನಂಬಿಕೆ ಬಂತಾ?"

ಮೈಕು ನನ್ನ ಬಾಯಿಗೆ ಬಂತು. ನನ್ನ ಕುತ್ತಿಗೆಯ ನರ ಹಿಡಿದುಕೊಂಡಿತ್ತು, ತಲೆ ಆ ಕಡೆ ಈ ಕಡೆ ತಿರುಗುತ್ತಿರಲಿಲ್ಲ. ಬಾಯಿಪಾಠದ ಮಾತು ಗಂಟಲಿನ ತನಕ ಬಂತು. ಬಂದದ್ದು ಹಾಗೇ ಒಳಗೆ ಹೋಯಿತು.

"ಇಲ್ಲ" ಅಂದೆ.

ಎಲ್ಲ ನಿಂತುಹೋಯಿತು. ಸಾಹೇಬರ ಮುಖದ ನಗು ಮಾತ್ರ ನಿಲ್ಲಲಿಲ್ಲ. "ಯಾಕಮ್ಮಾ?"

"ಈ ನೀರು ಪೈಪಿಂದ ಬಂದಿದ್ದಲ್ಲ ಸಾಹೇಬ್ರೇ. ಪೈಪು ಜೋಡಿಸಿಲ್ಲ. ಬೆಳಿಗ್ಗೆಯಿಂದ ನಾವು ಹೊತ್ತು ಹಾಕಿದ್ದು. ನಮ್ಮ ಮನೆ ಕುಡಿಯೋ ನೀರೂ ಇದರಲ್ಲೇ ಇದೆ. ನಾಳೆ ನಲ್ಲಿ ತಿರುಗಿಸಿದ್ರೆ ಗಾಳಿ ಬರುತ್ತೆ. ನನ್ನ ಮಗಳು ಒಳಗಿದ್ದಾಳೆ. ಪೈಪು ಜೋಡಿಸಿ ಕೊಡಿ."

ಇಲ್ಲ ಅಂದೆನಲ್ಲ, ಅದು ಸುಳ್ಳು. ಇವರಿಗೆ ಗೊತ್ತಿಲ್ಲ, ಗೊತ್ತಾದರೆ ಸಿಟ್ಟಾಗುತ್ತಾರೆ, ಆಫೀಸರಿಗೆ ಬಯ್ಯುತ್ತಾರೆ, ನಾಳೆಯೇ ಗುಂಡಿ ತೋಡಿಸುತ್ತಾರೆ ಅಂದುಕೊಂಡೇ ಹೇಳಿದೆ. ನಂಬದಿದ್ದರೆ ಅವರ ಮುಂದೆ ಯಾಕೆ ಬಾಯಿ ಬಿಡುತ್ತಿದ್ದೆ?

ಸಾಹೇಬರು ಸಿಟ್ಟಾಗಲಿಲ್ಲ. ಒಂದು ಉಸಿರು ತೆಗೆದುಕೊಂಡರು. ಕೊಡ ಕೆಳಗಿಟ್ಟರು. ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು, ಜನರ ಕಡೆ ತಿರುಗಿದರು.

"ಕೇಳಿದ್ರಾ?" ಅಂದರು. ಧ್ವನಿ ನಿಜವಾಗಿಯೂ ನಡುಗಿತು. "ಕೇಳಿದ್ರಾ ಈ ತಾಯಿ ಹೇಳಿದ್ದು? ಸರ್ಕಾರದ ಪೈಪಿಗೆ ಇವರು ಕಾಯಲಿಲ್ಲ! ತಮ್ಮ ಮನೆ ಕುಡಿಯೋ ನೀರನ್ನ ತಂದು ಆಸ್ಪತ್ರೆಗೆ ಸುರಿದ್ರು! ಇಷ್ಟು ಹೊತ್ತು ನಾನು ಹೇಳಿದ್ದು ಇದನ್ನೇ ಅಲ್ವಾ? ಇದೇ ಹೊಸ ಆರ್ಥಿಕತೆ. ಇದೇ ನಂಬಿಕೆ. ಈ ಆಸ್ಪತ್ರೆಯ ನೀರಿನ ಜವಾಬ್ದಾರಿಯನ್ನ ಇವತ್ತಿಂದ ಈ ಓಣಿಯ ಹೆಣ್ಣುಮಕ್ಕಳ ಕೈಗೇ ಒಪ್ಪಿಸ್ತಿದ್ದೀನಿ!"

ಚಪ್ಪಾಳೆ. ಮೊದಲಿನದಕ್ಕಿಂತ ಜೋರು. ನೀರು ಹೊರುವ ಕಾಲ ಮುಗಿಯಿತು ಅಂದ ಬಾಯಿ ಇನ್ನೂ ಒಣಗಿರಲಿಲ್ಲ. ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ನಾನು ಹೇಳಿದ್ದು ಏನು, ಇವರು ಕೇಳಿದ್ದು ಏನು? ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮತ್ತೆ ಕೊಡ ಎತ್ತಿ ನನ್ನ ಕೈಗೆ ತುರುಕಿದರು, ಫೋಟೋ ತೆಗೆದರು. ನನ್ನ ಬೆರಳು ಬಿಗಿಯಾಗಲಿಲ್ಲ. ಕೊಡ ಜಾರಿ ಬಿತ್ತು. ಸಾಹೇಬರ ಬೂಟು ನೆನೆಯಿತು. ಅದಕ್ಕೂ ಅವರು ನಕ್ಕರು.

ಕಾರುಗಳು ಹೋದವು. ಉದ್ಘಾಟನೆಗೆ ತಂದು ನಿಲ್ಲಿಸಿದ್ದ ಆಂಬುಲೆನ್ಸೂ ಸಾಲಿನಲ್ಲಿ ಕೊನೆಯದಾಗಿ ಹೋಯಿತು. ನಲ್ಲಿಯನ್ನು ತೆರೆದೇ ಬಿಟ್ಟಿದ್ದರು, ನಾನು ತಿರುಗಿಸುವ ಹೊತ್ತಿಗೆ ತೊಟ್ಟಿಕ್ಕುತ್ತಿತ್ತು. ಒಳಗೆ ಹೋದರೆ ಪೆಂಡಾಲಿನ ಆಳುಗಳು ಮಂಚ ಹೊರಗೆ ಸಾಗಿಸುತ್ತಿದ್ದರು. ಕುರ್ಚಿಯ ಹಾಗೆ ಮಂಚವೂ ಬಾಡಿಗೆಯದು. ನನ್ನ ಮಗಳ ಮಂಚದ ಹತ್ತಿರ ಇಬ್ಬರು ನಿಂತಿದ್ದರು. "ಏಳಮ್ಮ, ಲಾರಿ ಕಾಯ್ತಿದೆ" ಅನ್ನುತ್ತಿದ್ದರು.

ಮಗಳು ಏಳಲಿಲ್ಲ. ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದಿದ್ದಳು. ಕಣ್ಣು ಮುಚ್ಚಿದ್ದಳು. ಹಾಸಿಗೆಯ ಪ್ಲಾಸ್ಟಿಕ್ ಮೇಲೆ ನೀರು ನಿಂತಿತ್ತು. ಅದು ಯಾವ ನೀರು ಎಂದು ಹೆತ್ತವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಮಂಚದ ಮೇಲೆ ಹತ್ತಿ ಅವಳ ಕಾಲ ಹತ್ತಿರ ಕೂತೆ. "ಎತ್ತಿ" ಅಂದೆ. "ಎತ್ತೋದಾದ್ರೆ ನಮ್ಮಿಬ್ಬರನ್ನೂ ಸೇರಿಸಿ ಎತ್ತಿ. ಲಾರಿಯಲ್ಲೇ ಹೆರ್ತಾಳೆ."

ಅವರೂ ನಮ್ಮ ಹಾಗೆ ಹೊರುವವರೇ. ಮುಖ ಮುಖ ನೋಡಿಕೊಂಡು ಹೋದರು. ನರ್ಸಮ್ಮ ವ್ಯಾನಿನಲ್ಲಿ ಕೂತಾಗಿತ್ತು, ಮಗಳ ಕಿರುಚಾಟ ಕೇಳಿ ಇಳಿದು ಬಂದರು. ವ್ಯಾನಿನವನು ಹಾರ್ನ್ ಬಾರಿಸಿದ. ಅವರು "ಹೋಗೋ ನಿನ್ನ" ಅಂದರು, ಅವನು ಹೊರಟೇ ಹೋದ. ಒಳಗೆ ಬಂದು ಮುಟ್ಟಿ ನೋಡಿದರು. ಅವರ ಮುಖ ಬಿಗಿಯಾಯಿತು.

"ಹೊಕ್ಕುಳಬಳ್ಳಿ ಮಗುವಿಗಿಂತ ಮುಂದೆ ಬಂದಿದೆ. ದೊಡ್ಡಾಸ್ಪತ್ರೆಗೆ ಹೋಗಬೇಕು. ಗಾಡಿ ಎಲ್ಲಿ?"

ಗಾಡಿ ಇಲ್ಲ, ಪೆಂಡಾಲಿನ ಲಾರಿಯೂ ಹೊರಟುಹೋಗಿತ್ತು. ಅವರು ಆಫೀಸರಿಗೆ ಫೋನು ಮಾಡಿದರು. ನಾನೂ ಕೇಳಿಸಿಕೊಳ್ಳಲಿ ಅಂತ ಸ್ಪೀಕರ್ ಹಾಕಿದರೋ, ಕೈ ತಾಗಿ ಹಾಗಾಯಿತೋ, ಎರಡೂ ಕಡೆಯ ಮಾತು ನನಗೆ ಕೇಳಿಸಿತು.

"ಸರ್, ಆಂಬುಲೆನ್ಸ್ ವಾಪಸ್ ಕಳಿಸಿ. ಇಲ್ಲಿ ನೀರಿಲ್ಲ, ಕರೆಂಟಿಲ್ಲ, ಕೈ ತೊಳೆಯೋಕೂ ಗತಿ ಇಲ್ಲ."

"ಆಂಬುಲೆನ್ಸ್ ಸಾಹೇಬ್ರ ಮುಂದಿನ ಪ್ರೋಗ್ರಾಮಿಗೆ ಹೋಗಿದೆ. ನೋಡ್ತೀನಿ. ನೀರಿನ ವಿಷಯ ನನ್ನನ್ನ ಯಾಕೆ ಕೇಳ್ತೀರಿ? ಅದು ಓಣಿಯವರ ಜವಾಬ್ದಾರಿ ಅಂತ ಸಾಹೇಬ್ರೇ ಘೋಷಣೆ ಮಾಡಿದ್ರಲ್ಲ. ಆ ಹೆಂಗಸು ಎಲ್ಲರ ಮುಂದೆ ಒಪ್ಕೊಂಡಿದ್ದಾಳೆ. ಅವಳನ್ನೇ ಕೇಳಿ."

ನರ್ಸಮ್ಮ ನನ್ನ ಕಡೆ ನೋಡಿದರು. ಬಯ್ಯಲಿಲ್ಲ. "ಎಲ್ಲಿಂದಾದ್ರೂ ಸ್ವಲ್ಪ ನೀರು ತಾ ತಾಯಿ" ಅಂದರು.

ಕೊಡ ಹಿಡಿದು ಓಡಿದೆ. ಓಣಿಯ ನಲ್ಲಿ ಒಣಗಿತ್ತು. ಮೊದಲ ಮನೆಗೆ ಹೋದೆ, ಹಂಡೆ ಬೋರಲು ಹಾಕಿದ್ದರು. ಎರಡನೆಯ ಮನೆಯೂ ಹಾಗೇ. ಎಲ್ಲ ಮನೆಯ ನೀರೂ ಟ್ಯಾಂಕಿಗೆ ಹೋಗಿ, ಟ್ಯಾಂಕಿನಿಂದ ಸಾಹೇಬರ ಕೈಗೆ ಹೋಗಿ, ಅಲ್ಲಿಂದ ಮಣ್ಣಿಗೆ ಹೋಗಿತ್ತು. ಕುಳ್ಳಿ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ಒಬ್ಬಳು ಲೋಟದ ತಳದಲ್ಲಿ ಉಳಿದದ್ದನ್ನು ಸುರಿದಳು. ಒಬ್ಬಳು ಮಗುವಿನ ಬಾಟಲಿಯದ್ದು. ಒಬ್ಬಳು ಪಾತ್ರೆ ತೊಳೆಯಲು ಇಟ್ಟಿದ್ದ ನೀರನ್ನೇ ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಯಾರೂ ಇಲ್ಲ ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಹಾಗೆ ಬೇಡಿ ಬೇಡಿ ಕೊಡ ಅರ್ಧವಾಯಿತು. ಅದನ್ನು ತಲೆಗೆ ಏರಿಸಲಿಲ್ಲ, ಎದೆಗೆ ಅವಚಿಕೊಂಡು ಬಂದೆ.

ನಾನು ಬಾಗಿಲಿಗೆ ಬಂದಾಗ ಒಳಗೆ ಸದ್ದಿರಲಿಲ್ಲ. ನರ್ಸಮ್ಮ ಮಗುವನ್ನು ಅಂಗೈ ಮೇಲೆ ಬೋರಲು ಮಲಗಿಸಿ ಬೆನ್ನು ಉಜ್ಜುತ್ತಿದ್ದರು. ಉಜ್ಜಿದರು. ಬಾಯಿಗೆ ಬಾಯಿಟ್ಟು ಊದಿದರು. ಮತ್ತೆ ಉಜ್ಜಿದರು. ಹೆಣ್ಣು. ಕೂದಲು ಸಮೃದ್ಧವಾಗಿತ್ತು. ಬಣ್ಣ ಮಾತ್ರ ಮಗುವಿನ ಬಣ್ಣ ಅಲ್ಲ. ಕೊನೆಗೆ ನರ್ಸಮ್ಮ ನನ್ನ ಕೊಡದ ನೀರಿನಲ್ಲಿ ಕೈ ತೊಳೆದುಕೊಂಡರು, ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಉಳಿದ ನೀರಿನಲ್ಲಿ ನಾನು ಮಗುವನ್ನು ತೊಳೆದೆ. ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಒಮ್ಮೆ "ಅಮ್ಮಾ, ಕುಡಿಯೋಕೆ" ಅಂದಳು. ಕೊಡದಲ್ಲಿ ಏನೂ ಉಳಿದಿರಲಿಲ್ಲ.

ಸಂಜೆಯ ಬೆಳಕು ಇನ್ನೂ ಇರುವಾಗ ಮೇಸ್ತ್ರಿ ಓಡಿಬಂದ. ಅವನ ಹಿಂದೆ ಕ್ಯಾಮೆರಾದವನು. ಇಬ್ಬರೂ ಬಾಗಿಲಿನಲ್ಲೇ ನಿಂತರು. ಮೊದಲ ದಿನವೇ ಮೊದಲ ಹೆರಿಗೆ ಅಂತ ಸುದ್ದಿ ಸಾಹೇಬರಿಗೆ ಮುಟ್ಟಿತ್ತಂತೆ. ಅವರಿಗೆ ಬಹಳ ಸಂತೋಷವಂತೆ. ತಾಯಿ ಮಗುವಿನ ಫೋಟೋ ಬೇಕಂತೆ.

ನನ್ನ ತೊಡೆಯ ಮೇಲಿದ್ದುದನ್ನು ನೋಡಿ ಮೇಸ್ತ್ರಿ ಬಾಯಿ ಮುಚ್ಚಿದ. ಅವನಿಗೂ ಮಕ್ಕಳಿದ್ದಾರೆ. ಆಮೇಲೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಬಯ್ಯಬೇಡಮ್ಮ. ಒಂದು ಮಾತು ಹೇಳ್ತೀನಿ, ಕೇಳು" ಅಂದ. ಮೊದಲ ಸಲ ಅವನು ನನ್ನನ್ನು ಅಮ್ಮ ಅಂದಿದ್ದು. "ಮಗು ಮುಖ ಬಟ್ಟೆಯಲ್ಲಿ ಮುಚ್ಚಿ ಕೊಡು. ಮಲಗಿದೆ ಅನ್ನೋ ಹಾಗೆ ಒಂದು ಫೋಟೋ, ದೂರದಿಂದ. ಫೋಟೋ ಹೋದ್ರೆ ನಾಳೆಯಿಂದಲೇ ಡಾಕ್ಟ್ರನ್ನ ಹಾಕ್ತಾರಂತೆ, ಆಂಬುಲೆನ್ಸ್ ನಿಲ್ಲಿಸ್ತಾರಂತೆ. ಹೋಗ್ಲಿಲ್ಲ ಅಂದ್ರೆ, ಹಿಂಗಾಯ್ತು ಅಂತ ಹೊರಗೆ ಬಂದ್ರೆ, ಬೀಗ ಹಾಕಿಸ್ತಾರೆ. ನನಗೆ ಗೊತ್ತು ಇವರ ಬುದ್ಧಿ. ನಿನ್ನದಂತೂ ಹೋಯ್ತು. ಮುಂದಿನವರಿಗಾದ್ರೂ..."

ಕುಳ್ಳಿ ಬಾಗಿಲಿನಲ್ಲಿ ನಿಂತಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು, ಆ ನೋಟ ಏನು ಕೇಳುತ್ತಿದೆ ಎಂದು ನನಗೆ ಗೊತ್ತಿತ್ತು. ಅವಳ ಸೊಸೆಗೆ ತಿಂಗಳು ಹತ್ತಿರ ಬಂದಿತ್ತು. ಕೊಡು ಅಂತ ನರ್ಸಮ್ಮನೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ನಾನು ಯೋಚನೆ ಮಾಡಿದೆ. ಮಾಡಲಿಲ್ಲ ಅಂತ ಯಾರೂ ಅನ್ನಬೇಡಿ. ಬೆಳಿಗ್ಗೆ ನಿಜ ಹೇಳಿದೆ, ಅದನ್ನು ಅವರು ತಮಗೆ ಬೇಕಾದ ಹಾಗೆ ಹೊದ್ದುಕೊಂಡು ಹೋದರು. ಈಗ ಸುಳ್ಳು ಕೇಳುತ್ತಿದ್ದಾರೆ. ಸುಳ್ಳು ಕೊಟ್ಟರೆ ಆಸ್ಪತ್ರೆ ಕೊಡುತ್ತೇವೆ ಅನ್ನುತ್ತಾರೆ. ಇಟ್ಟಿಗೆ ಕೊಟ್ಟೆ. ನೀರು ಕೊಟ್ಟೆ. ಮನೆಯ ಹಂಡೆ ಖಾಲಿ ಮಾಡಿ ಕೊಟ್ಟೆ. ಮಗಳನ್ನು ಮಂಚದ ಮೇಲೆ ಮಲಗಿಸಿ ತೋರಿಸಲು ಕೊಟ್ಟೆ. ನನ್ನ ತೊಡೆಯ ಮೇಲೆ ಇದ್ದದ್ದು ಇಷ್ಟೇ ಇಷ್ಟು ತೂಕ. ಇದನ್ನೂ ಕೊಟ್ಟುಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ?

"ಕೊಡಲ್ಲ" ಅಂದೆ.

"ಅಮ್ಮಾ..."

"ಕೊಡಲ್ಲ. ಇವಳು ಸತ್ತಿದ್ದಾಳೆ. ಮಲಗಿಲ್ಲ. ಹೋಗಿ ಅವರಿಗೆ ಹಾಗೇ ಹೇಳು."

ಕ್ಯಾಮೆರಾದವನು ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದ. ಮೇಸ್ತ್ರಿ ಎದ್ದು ನಿಂತು ಕುಳ್ಳಿಯ ಕಡೆ ನೋಡಿ ಕೈ ಚೆಲ್ಲಿದ. ಕುಳ್ಳಿ ತಿರುಗಿ ಹೋದಳು.

ಬೀಗ ಬಿತ್ತು. ಮರುದಿನವೇ ಬಿತ್ತು. ನೀರಿನ ಜವಾಬ್ದಾರಿ ಹೊತ್ತ ಓಣಿಯವರು ಮಾತು ಉಳಿಸಿಕೊಳ್ಳಲಿಲ್ಲ, ಅದಕ್ಕೇ ಆಸ್ಪತ್ರೆ ನಡೆಸಲಾಗುತ್ತಿಲ್ಲ ಎಂದು ಆಫೀಸರ್ ಹೇಳಿದನಂತೆ. ಸಾಹೇಬರು ಇನ್ನೊಂದು ಊರಿನ ಭಾಷಣದಲ್ಲಿ ನಮ್ಮನ್ನು ನೆನೆದರಂತೆ. ಕಟ್ಟಿಕೊಟ್ಟರೂ ನಂಬದ ಜನ ಇದ್ದಾರೆ ಅಂದರಂತೆ. ನರ್ಸಮ್ಮನನ್ನು ಎಲ್ಲಿಗೋ ವರ್ಗ ಮಾಡಿದರು. ಮಗಳು ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಮಾತು ಕಡಿಮೆ. ಅಳಿಯ ಬಂದು ನಾಲ್ಕು ದಿನ ಇದ್ದು ಹೋದ.

ಕುಳ್ಳಿಯ ಸೊಸೆಗೆ ಮೊನ್ನೆ ನೋವು ಬಂತು. ತಳ್ಳುಗಾಡಿಯಲ್ಲಿ ಮಲಗಿಸಿದರು. ನಾನು ತಳ್ಳಲು ಹೋದೆ, ಕುಳ್ಳಿ ನನ್ನ ಕೈ ತೆಗೆದು ಪಕ್ಕಕ್ಕಿಟ್ಟಳು. ಸೇತುವೆಯ ಮೇಲೆ ಲಾರಿಗಳು ನಿಂತೇ ಇದ್ದವಂತೆ. ಸೊಸೆ ಬದುಕಿದಳು. ಮಗು ಇಲ್ಲ.

ನಿನ್ನೆ ಓಣಿಯ ನಲ್ಲಿಗೆ ನೀರು ಬಂತು. ಎಲ್ಲರೂ ಓಡಿದೆವು. ಸಾಲಿನಲ್ಲಿ ಕುಳ್ಳಿ ನನ್ನ ಮುಂದೆ ನಿಂತಿದ್ದಳು. ತುಂಬಾ ಹೊತ್ತು ಬೆನ್ನು ತೋರಿಸಿಯೇ ನಿಂತಿದ್ದಳು. ಅವಳ ಸರದಿ ಬಂತು. ಕೊಡ ನಲ್ಲಿಯ ಕೆಳಗಿಟ್ಟು, ನನ್ನ ಕಡೆ ತಿರುಗದೆ, ಜಗಳದ ಧ್ವನಿಯಲ್ಲೂ ಅಲ್ಲ, ಮೆಲ್ಲಗೆ ಕೇಳಿದಳು:

"ಒಂದು ಫೋಟೋ ತಾನೇ ಅಕ್ಕಾ? ಮಗು ಹೇಗೂ ಸತ್ತಿತ್ತಲ್ಲ."

ಅವಳ ಕೊಡ ತುಂಬಿತು. ನಾನು ಬಗ್ಗಿ ಅದನ್ನು ಎತ್ತಿ ಅವಳ ತಲೆಯ ಮೇಲಿಟ್ಟೆ.